ವಿದ್ಯುನ್ಮಾನ ಯಂತ್ರಾಂಶದ ವಿನ್ಯಾಸ: ಅತಿವಾಹಕ ಸ್ಮರಣಕೋಶದಿಂದ ವಿದ್ಯಾರ್ಥಿಗಳ ರಾಡಾರ್‌ವರೆಗೆ



ಆನಿ ಬೆಸೆಂಟರ ಹೆಸರು ಹೊತ್ತ ಈ ಬಡಾವಣೆಗೆ ಪೂರ್ವದಲ್ಲಿ ಬಂಗಾಳ ಕೊಲ್ಲಿ, ಉತ್ತರದಲ್ಲಿ ಅಡ್ಯಾರ್ ನದಿಯ ಅಳಿವೆ, ದಕ್ಷಿಣದಲ್ಲಿ ಕಲಾಕ್ಷೇತ್ರ. ಎಲಿಯಟ್ಸ್ ಕಡಲತೀರಕ್ಕೆ ಸಂಜೆಯ ಗಾಳಿಗೆಂದು ಬರುವವರಿಗೆ, ಅಷ್ಟಲಕ್ಷ್ಮಿ ದೇವಾಲಯದ ಭಕ್ತರಿಗೆ, ರಾಜಾಜಿ ಭವನದಲ್ಲಿರುವ ಕೇಂದ್ರ ಸರ್ಕಾರದ ಕಚೇರಿಗಳಿಗೆ ಅರ್ಜಿ ಹಿಡಿದು ಬರುವವರಿಗೆ ಬೆಸೆಂಟ್ ನಗರ ಚಿರಪರಿಚಿತ ಸ್ಥಳ. ಇಲ್ಲಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಜಿಂಕೆಗಳೂ ಕೃಷ್ಣಮೃಗಗಳೂ ಅಡ್ಡಾಡುವ ಕಾಡಿನ ನಡುವೆ, 1959ರಲ್ಲಿ ಅಂದಿನ ಪಶ್ಚಿಮ ಜರ್ಮನಿಯ ನೆರವಿನೊಡನೆ ಸ್ಥಾಪಿತವಾದ ಮದರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆ ಇದೆ. ಆ ಸಂಸ್ಥೆಯ ಗಣಕ ವಿಜ್ಞಾನ ವಿಭಾಗದಲ್ಲಿ 2018ರಲ್ಲಿ ನಡೆದ ಒಂದು ಸಂಗತಿಯಿಂದ ಇಂದಿನ ವಿಷಯವನ್ನು ಆರಂಭಿಸುವುದು ಉಚಿತ.

ಆ ವರ್ಷ ‘ಶಕ್ತಿ’ ಎಂಬ ಹೆಸರಿನ ಯೋಜನೆಯ ಅಂಗವಾಗಿ ಸುಮಾರು 300 ಚಿಪ್‌ಗಳು ಸಿದ್ಧವಾದವು. ಪ್ರಾಧ್ಯಾಪಕ ವಿ. ಕಾಮಕೋಟಿ ಅವರ ತಂಡದಲ್ಲಿದ್ದ ಸಂಶೋಧಕರು ಮತ್ತು ವಿದ್ಯಾರ್ಥಿಗಳು ವಿನ್ಯಾಸಗೊಳಿಸಿದ ಸೂಕ್ಷ್ಮ ಸಂಸ್ಕಾರಕಗಳು, ಅಂದರೆ ಮೈಕ್ರೊಪ್ರೊಸೆಸರುಗಳು, ಅವು. ‘ರೈಸ್‌ಕ್ರೀಕ್’ ಎಂದು ಹೆಸರಿಸಲಾದ ಈ ಚಿಪ್ ಸೆಕೆಂಡಿಗೆ 35 ಕೋಟಿ ಮಿಡಿತಗಳ ವೇಗದಲ್ಲಿ ಕೆಲಸ ಮಾಡಿತು. ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ನಡೆಸಿತು. ಆದರೆ ಅದು ತಯಾರಾದದ್ದು ಅಮೆರಿಕದ ಆರಿಗನ್ ರಾಜ್ಯದಲ್ಲಿರುವ ಇಂಟೆಲ್ ಸಂಸ್ಥೆಯ ಕಾರ್ಖಾನೆಯಲ್ಲಿ, 22 ನ್ಯಾನೋಮೀಟರ್ ತಂತ್ರದಲ್ಲಿ. ಅದೇ ವರ್ಷದ ಕೊನೆಯ ಭಾಗದಲ್ಲಿ ಇದೇ ಕುಟುಂಬಕ್ಕೆ ಸೇರಿದ ‘ರಿಮೊ’ ಎಂಬ ಇನ್ನೊಂದು ಚಿಪ್ ಚಂಡೀಗಢದ ಪಕ್ಕದ ಮೊಹಾಲಿಯಲ್ಲಿರುವ ಅರೆವಾಹಕ ಪ್ರಯೋಗಾಲಯದಿಂದ ಹೊರಬಂತು. ಅದರ ತಂತ್ರ 180 ನ್ಯಾನೋಮೀಟರಿನದು. ವೇಗ ಸೆಕೆಂಡಿಗೆ 7 ಕೋಟಿ ಮಿಡಿತ. ಮೊದಲನೆಯದರ ಐದನೆಯ ಒಂದು ಪಾಲು.

ಅಂಕಿಗಳನ್ನಷ್ಟೇ ನೋಡುವವರಿಗೆ ಎರಡನೆಯದು ಹಿನ್ನಡೆಯಂತೆ ಕಾಣಬಹುದು. ಆದರೆ ಯಂತ್ರಾಂಶ ವಿನ್ಯಾಸವೆಂದರೇನು, ಅದನ್ನು ಒಬ್ಬ ವಿದ್ಯಾರ್ಥಿ ಹೇಗೆ ಕಲಿಯುತ್ತಾನೆ ಎಂಬುದನ್ನು ವಿಚಾರಿಸಿದರೆ, ನಿಧಾನಗತಿಯ ಆ ಎರಡನೆಯ ಚಿಪ್ಪಿನ ಬೆಲೆ ಬೇರೆಯಾಗಿಯೇ ತೋರುತ್ತದೆ.

ಕಟ್ಟಡದ ನಕ್ಷೆ ಬರೆಯುವಾತ ಗೋಡೆ ಏಳುತ್ತಿರುವಾಗಲೂ ಒಂದು ಕಿಟಕಿಯನ್ನು ಸರಿಸಬಹುದು. ಗಣಕದ ತಂತ್ರಾಂಶ ಬರೆಯುವವನು ತಪ್ಪು ಕಂಡಾಗ ಮರುದಿನವೇ ತಿದ್ದಿ ಕಳುಹಿಸಬಹುದು. ಚಿಪ್ಪಿನ ವಿನ್ಯಾಸಕಾರನಿಗೆ ಈ ಎರಡೂ ಸೌಲಭ್ಯಗಳಿಲ್ಲ. ಆತನು ಮೊದಲು ಯಂತ್ರದ ನಡವಳಿಕೆಯನ್ನು ಒಂದು ವಿಶೇಷ ಭಾಷೆಯಲ್ಲಿ ಬರೆಯುತ್ತಾನೆ. ‘ಶಕ್ತಿ’ಯ ತಂಡ ಬಳಸಿದ್ದು ಬ್ಲೂಸ್ಪೆಕ್ ಎಂಬ ಭಾಷೆಯನ್ನು. ಆ ಬರಹವು ಲಕ್ಷಾಂತರ ತರ್ಕದ್ವಾರಗಳ ಜಾಲವಾಗಿ, ಬಳಿಕ ಟ್ರಾನ್ಸಿಸ್ಟರುಗಳ ಮತ್ತು ತಂತಿಗಳ ನಕ್ಷೆಯಾಗಿ, ಕೊನೆಗೆ ಒಂದರ ಮೇಲೊಂದು ಕೂರುವ ಹತ್ತಾರು ಪದರಗಳ ಚಿತ್ರವಾಗಿ ಪರಿವರ್ತನೆಗೊಳ್ಳುತ್ತದೆ. ಚಿತ್ರವು ಕಾರ್ಖಾನೆಗೆ ಹೋದ ಮೇಲೆ ತಿಂಗಳುಗಟ್ಟಲೆ ಕಾಯಬೇಕು. ತಪ್ಪೊಂದು ಉಳಿದಿದ್ದರೆ ಅದು ಸಿಲಿಕಾನಿನಲ್ಲಿಯೇ ಅಚ್ಚಾಗಿ ಬರುತ್ತದೆ.

ಹೀಗೆ ಅಚ್ಚಾದ ತಪ್ಪಿಗೆ ಪ್ರಸಿದ್ಧ ನಿದರ್ಶನ 1994ರದು. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಅವಳಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುತ್ತಿದ್ದಾಗ ಉತ್ತರಗಳು ತಾಳೆಯಾಗಲಿಲ್ಲ. ದೋಷವಿದ್ದದ್ದು ಅವರ ಲೆಕ್ಕದಲ್ಲಲ್ಲ, ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲಿ. ಭಾಗಾಕಾರಕ್ಕೆ ಬೇಕಾದ 1,066 ನಮೂದುಗಳ ಕೋಷ್ಟಕದಲ್ಲಿ ಕೇವಲ ಐದು ನಮೂದುಗಳು ಬಿಟ್ಟುಹೋಗಿದ್ದವು. 41,95,835 ಎಂಬ ಸಂಖ್ಯೆಯನ್ನು 31,45,727ರಿಂದ ಭಾಗಿಸಿದರೆ 1.33382 ಎಂದು ಬರಬೇಕಾದ ಉತ್ತರ 1.33374 ಎಂದು ಬರುತ್ತಿತ್ತು. ಈ ಅಲ್ಪ ವ್ಯತ್ಯಾಸಕ್ಕಾಗಿ ಇಂಟೆಲ್ ಸಂಸ್ಥೆ 47.5 ಕೋಟಿ ಡಾಲರುಗಳ ನಷ್ಟವನ್ನು ಲೆಕ್ಕದಲ್ಲಿ ತೋರಿಸಬೇಕಾಯಿತು. ಈ ಕಾರಣದಿಂದಲೇ ಚಿಪ್ ವಿನ್ಯಾಸದಲ್ಲಿ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಪಾಲು ಬರೆಯುವುದಕ್ಕಲ್ಲ, ಬರೆದದ್ದನ್ನು ಪರೀಕ್ಷಿಸುವುದಕ್ಕೆ ಸಲ್ಲುತ್ತದೆ.

ವಿನ್ಯಾಸವೆಂದರೆ, ಹಾಗಾದರೆ, ಇನ್ನೂ ಹುಟ್ಟದ ವಸ್ತುವಿನಲ್ಲಿ ಇರಬಹುದಾದ ತಪ್ಪನ್ನು ಮುಂಚಿತವಾಗಿ ಕಾಣುವ ವಿದ್ಯೆ. ಈ ವಿದ್ಯೆ ಪುಸ್ತಕದಿಂದ ಅರ್ಧ ಬರುತ್ತದೆ. ಉಳಿದರ್ಧ ಬರುವುದು ತಾನು ಚಿತ್ರಿಸಿದ ವಸ್ತು ತಯಾರಾಗಿ ತನ್ನ ಮೇಜಿಗೆ ಹಿಂದಿರುಗಿ, ತಾನು ಊಹಿಸಿದಂತೆ ನಡೆಯದೆ ಹೋದಾಗ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದ ಕಾಲದಿಂದ ಭಾರತದಲ್ಲಿ ಚಿಪ್ ವಿನ್ಯಾಸಕಾರರಿಗೆ ಕೊರತೆಯಿಲ್ಲ. ಜಗತ್ತಿನ ಇಂತಹ ಇಂಜಿನಿಯರುಗಳಲ್ಲಿ ಸುಮಾರು ಐದರಲ್ಲೊಬ್ಬರು ಭಾರತದಲ್ಲಿದ್ದಾರೆಂಬುದು ಸರ್ಕಾರದ ಅಂದಾಜು. ಆದರೆ ಅವರಲ್ಲಿ ಬಹುಮಂದಿ ಚಿತ್ರಿಸುವುದು ಯಾರದೋ ಯಂತ್ರದ ಒಂದು ಮೂಲೆಯನ್ನು. ಇಡೀ ಯಂತ್ರವನ್ನು ಮೊದಲಿನಿಂದ ಕೊನೆಯವರೆಗೆ ಕಂಡವರು ವಿರಳ. ‘ಶಕ್ತಿ’ಯ ಮಹತ್ವ ಇರುವುದು ಇಲ್ಲಿ. 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರಂಭವಾಗಿ ಎಲ್ಲರಿಗೂ ಮುಕ್ತವಾಗಿ ದೊರೆತ ರಿಸ್ಕ್-ಫೈವ್ ಎಂಬ ಆಜ್ಞಾಸಂಹಿತೆಯನ್ನು ಆಧರಿಸಿ, ಒಳಗಿನ ಯಂತ್ರವನ್ನು ತಂಡವೇ ರೂಪಿಸಿತು. ಆ ವಿನ್ಯಾಸವನ್ನೂ ಮುಕ್ತವಾಗಿಯೇ ಪ್ರಕಟಿಸಿತು.

ಚಿಪ್ಪಿನ ಒಳಗಿನ ಭಾಗಗಳಲ್ಲಿ ಅತ್ಯಂತ ಹಠಮಾರಿಯಾದದ್ದು ಸ್ಮರಣಕೋಶ. ಲೆಕ್ಕ ಮಾಡುವುದು ಯಂತ್ರಕ್ಕೆ ಸುಲಭ, ನೆನಪಿಡುವುದು ಕಷ್ಟ. ಸಂಸ್ಕಾರಕದ ಪಕ್ಕದಲ್ಲಿಯೇ ಇರುವ ವೇಗದ ಸ್ಮರಣಕೋಶದಲ್ಲಿ ಒಂದು ಅಂಕಿಯನ್ನು, ಅಂದರೆ ಒಂದು ಸೊನ್ನೆ ಅಥವಾ ಒಂದನ್ನು, ಹಿಡಿದಿಡಲು ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರುಗಳು ಬೇಕು. ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಅವರು 1968ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಒಂದು ಟ್ರಾನ್ಸಿಸ್ಟರ್, ಒಂದು ವಿದ್ಯುತ್ ಧಾರಕ ಸಾಕು. ಆದರೆ ಆ ಧಾರಕವು ತೂತುಬಿದ್ದ ಕೊಡದಂತೆ. ಅದರಲ್ಲಿನ ವಿದ್ಯುತ್ತು ಸೋರುತ್ತಲೇ ಇರುವುದರಿಂದ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು ಬಾರಿ ಓದಿ ಮತ್ತೆ ತುಂಬಬೇಕು. ಪ್ರತಿ ಮನೆಯ ಗಣಕದಲ್ಲಿ, ಪ್ರತಿ ದೂರವಾಣಿಯಲ್ಲಿ ಈ ತುಂಬುವ ಕೆಲಸ ಹಗಲಿರುಳು ನಡೆದಿದೆ. ಬೃಹತ್ ದತ್ತಾಂಶ ಕೇಂದ್ರಗಳ ವಿದ್ಯುತ್ ಬಿಲ್ಲಿನಲ್ಲಿ ಇದರ ಪಾಲೂ ಸೇರಿದೆ.

ಸೋರದ ಕೊಡವೊಂದು ದೊರೆತರೆ? ಈ ಪ್ರಶ್ನೆಗೆ ಉತ್ತರ ಒಂದು ಶತಮಾನಕ್ಕೂ ಹಿಂದೆ ಹಾಲೆಂಡಿನ ಲೈಡನ್ ನಗರದಲ್ಲಿ ಆಕಸ್ಮಿಕವಾಗಿ ದೊರೆತಿತ್ತು. 1911ರಲ್ಲಿ ಕಾಮರ್ಲಿಂಗ್ ಓನ್ನೆಸ್ ಅವರು ದ್ರವ ಹೀಲಿಯಮ್ಮಿನಲ್ಲಿ ಪಾದರಸವನ್ನು ತಂಪುಗೊಳಿಸುತ್ತಿದ್ದಾಗ, ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದರ ವಿದ್ಯುತ್ ರೋಧವು ಥಟ್ಟನೆ ಇಲ್ಲವಾಯಿತು. ಇಂತಹ ವಸ್ತುವೇ ಅತಿವಾಹಕ. ಅತಿವಾಹಕ ತಂತಿಯನ್ನು ಬಳೆಯಂತೆ ಕೂಡಿಸಿ ಅದರಲ್ಲಿ ವಿದ್ಯುತ್ ಪ್ರವಾಹವನ್ನು ಹರಿಯಬಿಟ್ಟರೆ, ತಂಪು ಉಳಿದಿರುವವರೆಗೆ ಆ ಪ್ರವಾಹ ಸುತ್ತುತ್ತಲೇ ಇರುತ್ತದೆ. ಹೊಸದಾಗಿ ಶಕ್ತಿ ತುಂಬಬೇಕಾಗಿಲ್ಲ. ಬಲಕ್ಕೆ ಸುತ್ತಿದರೆ ಒಂದು, ಎಡಕ್ಕೆ ಸುತ್ತಿದರೆ ಸೊನ್ನೆ ಎಂದು ಗೊತ್ತುಮಾಡಿಕೊಂಡರೆ ಅದೇ ಒಂದು ಸ್ಮರಣಕೋಶ.

ಈ ವಿಚಾರವನ್ನು ಯಂತ್ರಕ್ಕೆ ಇಳಿಸಲು ಹೊರಟವರಲ್ಲಿ ಮೊದಲಿಗರು ಅಮೆರಿಕದ ಎಂಐಟಿಯ ಡಡ್ಲಿ ಬಕ್. 1956ರಲ್ಲಿ ಅವರು ಪ್ರಕಟಿಸಿದ ‘ಕ್ರಯೋಟ್ರಾನ್’ ಒಂದು ಟ್ಯಾಂಟಲಮ್ ತಂತಿ ಮತ್ತು ಅದರ ಸುತ್ತ ಸುತ್ತಿದ ನಯೋಬಿಯಮ್ ತಂತಿಯಷ್ಟೇ. ಹೊರಸುತ್ತಿನಲ್ಲಿ ಪ್ರವಾಹ ಹರಿದಾಗ ಉಂಟಾಗುವ ಕಾಂತಕ್ಷೇತ್ರವು ಒಳತಂತಿಯ ಅತಿವಾಹಕತೆಯನ್ನು ಕೆಡಿಸುತ್ತದೆ. ಹೀಗೆ ಅದು ಚಲಿಸುವ ಭಾಗವಿಲ್ಲದ ಸ್ವಿಚ್ಚು. ಬಕ್ 1959ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. 1962ರಲ್ಲಿ ಇಂಗ್ಲೆಂಡಿನ ಬ್ರಯಾನ್ ಜೋಸೆಫ್‌ಸನ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಎರಡು ಅತಿವಾಹಕಗಳ ನಡುವೆ ತೀರ ತೆಳುವಾದ ಅವಾಹಕ ಪೊರೆಯಿದ್ದರೂ ಪ್ರವಾಹ ದಾಟಬಲ್ಲದೆಂದು ತೋರಿಸಿದರು. ಆ ಸಂಧಿಯನ್ನು ಆಧರಿಸಿ ಅತಿವೇಗದ ಗಣಕವನ್ನು ನಿರ್ಮಿಸಲು ಐಬಿಎಂ ಸಂಸ್ಥೆ ವರ್ಷಗಟ್ಟಲೆ ಶ್ರಮಿಸಿ, 1983ರಲ್ಲಿ ಯೋಜನೆಯನ್ನು ಕೈಬಿಟ್ಟಿತು. ತರ್ಕದ ಭಾಗ ಬಹುಮಟ್ಟಿಗೆ ಸಿದ್ಧಿಸಿತ್ತು. ಸೋಲಿಗೆ ಕಾರಣವಾದವುಗಳಲ್ಲಿ ಮುಖ್ಯವಾದದ್ದು ಮತ್ತೆ ಸ್ಮರಣಕೋಶವೇ.

ಇದರ ಕಾರಣ ತಿಳಿಯಲು ಯೋಗ್ಯವಾಗಿದೆ. ಅತಿವಾಹಕ ಬಳೆಯಲ್ಲಿ ಸಿಕ್ಕಿಬೀಳುವ ಕಾಂತಪ್ರವಾಹಕ್ಕೆ ನಿಸರ್ಗವೇ ನಿಗದಿಪಡಿಸಿದ ಒಂದು ಮಾನವಿದೆ. ಅದರ ಪೂರ್ಣ ಗುಣಕಗಳನ್ನಷ್ಟೇ ಅದು ಹಿಡಿಯುತ್ತದೆ, ಅರ್ಧ ಕಾಲು ಎಂಬುದಿಲ್ಲ. ಬಳೆಯನ್ನು ಕುಗ್ಗಿಸಿದಂತೆಲ್ಲ ಆ ಒಂದು ಮಾನವನ್ನು ಹಿಡಿದಿಡಲು ಹೆಚ್ಚು ಹೆಚ್ಚು ಪ್ರವಾಹ ಬೇಕಾಗುತ್ತದೆ. ಒಂದು ಹಂತದ ಬಳಿಕ ತಂತಿಯೇ ಅದನ್ನು ತಾಳದು. ಸಿಲಿಕಾನ್ ಟ್ರಾನ್ಸಿಸ್ಟರು ದಶಕದಿಂದ ದಶಕಕ್ಕೆ ಕುಗ್ಗುತ್ತ ಬಂದರೆ, ಅತಿವಾಹಕ ಬಳೆ ತನ್ನ ಗಾತ್ರವನ್ನು ಬಿಟ್ಟುಕೊಡಲಿಲ್ಲ. ಇದರ ಜೊತೆಗೆ ಶೈತ್ಯದ ವೆಚ್ಚ: ಅಷ್ಟು ತಂಪಿನಲ್ಲಿ ಒಂದು ವಾಟ್ ಉಷ್ಣವನ್ನು ಹೊರಹಾಕಲು ಹೊರಗೆ ನೂರಾರು ವಾಟ್ ವಿದ್ಯುತ್ತನ್ನು ಖರ್ಚುಮಾಡಬೇಕು. 1987ರಲ್ಲಿ ದ್ರವ ನೈಟ್ರೋಜನ್ನಿನ ಉಷ್ಣತೆಯಲ್ಲಿಯೇ ಅತಿವಾಹಕವಾಗುವ ಪಿಂಗಾಣಿಯಂತಹ ವಸ್ತುಗಳು ಕಂಡುಬಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಮುಂಚೂಣಿಯಲ್ಲಿತ್ತು. ಅಂದು ಮೂಡಿದ ಆಸೆ ಅಗಾಧ. ಆದರೆ ಬಿರುಸಾದ, ಸುಲಭವಾಗಿ ಒಡೆಯುವ ಆ ವಸ್ತುಗಳಲ್ಲಿ ಒಂದೇ ಸಮನಾದ ಲಕ್ಷಾಂತರ ಸಂಧಿಗಳನ್ನು ಮಾಡುವುದು ಸಾಧ್ಯವಾಗದೆ, ಸ್ಮರಣಕೋಶದ ಸಂಶೋಧನೆ ಹೆಚ್ಚಾಗಿ ನಯೋಬಿಯಮ್ಮಿನ ಬಳಿಯಲ್ಲಿಯೇ ಉಳಿಯಿತು. ಈಚಿನ ವರ್ಷಗಳಲ್ಲಿ ಬಳೆಗೆ ಬದಲಾಗಿ ಅತಿಸೂಕ್ಷ್ಮ ತಂತಿಗಳ ಗುಣವನ್ನೇ ಬಳಸುವ ಕೋಶಗಳ ಪ್ರಯೋಗ ನಡೆದಿದ್ದು, ಅವು ಪ್ರಯೋಗಾಲಯದ ಪುಟ್ಟ ಜೋಡಣೆಗಳು. ಅಂಗಡಿಗೆ ಬರುವ ವಸ್ತುಗಳಲ್ಲ.

ಅಷ್ಟರಿಂದ ಆ ವಿದ್ಯೆ ನಿಷ್ಫಲವಾಯಿತೆಂದಲ್ಲ. ಇದೇ ಪೂರ್ವ ಕರಾವಳಿ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿದರೆ ಸಿಗುವ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣುಶಕ್ತಿ ಸಂಶೋಧನ ಕೇಂದ್ರದಲ್ಲಿ, ಜೋಸೆಫ್‌ಸನ್ ಸಂಧಿಗಳಿರುವ ಅತಿವಾಹಕ ಬಳೆಗಳನ್ನು ಸ್ಥಳೀಯವಾಗಿಯೇ ತಯಾರಿಸಿ, ಮನುಷ್ಯನ ಹೃದಯದಿಂದಲೂ ಮಿದುಳಿನಿಂದಲೂ ಹೊಮ್ಮುವ ಕಾಂತಕ್ಷೇತ್ರವನ್ನು ಅಳೆಯಲಾಗಿದೆ. ಹೃದಯದ ಕ್ಷೇತ್ರ ಭೂಮಿಯ ಕಾಂತಕ್ಷೇತ್ರದ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸಿನದು. ಮಿದುಳಿನದು ಅದಕ್ಕಿಂತಲೂ ನೂರಾರು ಪಟ್ಟು ಕ್ಷೀಣ. ನೆನಪಿಗೆ ಒಗ್ಗದ ಬಳೆ ನಾಡಿ ಹಿಡಿಯಲು ಒಗ್ಗಿತು.

ಸ್ಮರಣಕೋಶದಿಂದ ರಾಡಾರಿಗೆ ದಾಟುವುದು ದೂರದ ಜಿಗಿತವೆಂದು ಕೆಲವರಿಗೆ ತೋರಬಹುದು. ಇತಿಹಾಸದಲ್ಲಿ ಅವೆರಡೂ ಒಂದೇ ಮನೆಯ ಮಕ್ಕಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಡಾರಿನ ಪರದೆಯ ಮೇಲೆ ಬೆಟ್ಟ, ಕಟ್ಟಡಗಳ ಪ್ರತಿಧ್ವನಿ ತುಂಬಿಕೊಂಡು, ಚಲಿಸುತ್ತಿರುವ ವಿಮಾನ ಕಾಣದಾಗುತ್ತಿತ್ತು. ಒಂದು ಸಲದ ಪ್ರತಿಧ್ವನಿಯನ್ನು ಕ್ಷಣಕಾಲ ಹಿಡಿದಿಟ್ಟು, ಮುಂದಿನ ಸಲದ್ದರಿಂದ ಕಳೆದರೆ, ನಿಂತಿರುವುದೆಲ್ಲ ಅಳಿಸಿಹೋಗಿ ಚಲಿಸುವುದು ಮಾತ್ರ ಉಳಿಯುತ್ತದೆ. ಹೀಗೆ ಹಿಡಿದಿಡಲು ಪಾದರಸ ತುಂಬಿದ ಕೊಳವೆಯೊಳಗೆ ಸಂಕೇತವನ್ನು ಶಬ್ದದ ಅಲೆಯಾಗಿ ಹಾಯಿಸುವ ಉಪಾಯ ಬಂತು. ಒಂದೂವರೆ ಮೀಟರ್ ಕೊಳವೆಯನ್ನು ದಾಟಲು ಅಲೆಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಬೇಕು. 1949ರಲ್ಲಿ ಕೇಂಬ್ರಿಜ್‌ನಲ್ಲಿ ಚಾಲನೆಗೊಂಡ ಎಡ್ಸಾಕ್ ಗಣಕದ ಸ್ಮರಣಕೋಶ ಇದೇ ಪಾದರಸದ ಕೊಳವೆ. ಗಣಕಕ್ಕೆ ನೆನಪಿಡುವುದನ್ನು ಕಲಿಸಿದ್ದು ರಾಡಾರ್.

ಚೆನ್ನೈ ನಗರಕ್ಕೆ ರಾಡಾರ್ ಎಂದರೆ ಪರಕೀಯ ವಸ್ತುವಲ್ಲ. ಚಂಡಮಾರುತದ ಸುಳಿವು ಕೊಡುವ ಕಣ್ಣು ಅದು. 2002ರಲ್ಲಿ ಬಂದರಿನ ಬಳಿ ಸ್ಥಾಪಿತವಾದ ಡಾಪ್ಲರ್ ಹವಾಮಾನ ರಾಡಾರ್ ಜರ್ಮನಿಯಲ್ಲಿ ತಯಾರಾದದ್ದು. ಬಳಿಕ ಇಸ್ರೋ ರೂಪಿಸಿದ ತಂತ್ರಜ್ಞಾನದಿಂದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಇಂತಹ ರಾಡಾರುಗಳನ್ನು ತಯಾರಿಸಿ ಶ್ರೀಹರಿಕೋಟ ಮೊದಲಾದೆಡೆ ಸ್ಥಾಪಿಸಿತು. 1954ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಆ ಸಂಸ್ಥೆಗೂ, ಬೆಂಗಳೂರಿನಲ್ಲಿಯೇ ಇರುವ ರಕ್ಷಣಾ ರಾಡಾರ್ ಪ್ರಯೋಗಾಲಯಕ್ಕೂ ರಾಡಾರ್ ವಿನ್ಯಾಸ ಹಳೆಯ ಕಸುಬು. ಆದರೆ ಇವೆಲ್ಲ ಬೃಹತ್ ಸಂಸ್ಥೆಗಳ ಕೆಲಸ. ರಾಡಾರನ್ನು ವಿದ್ಯಾರ್ಥಿಯೊಬ್ಬ ತನ್ನ ಕೈಯಿಂದ ಕಟ್ಟಬಹುದೆ?

ಕಟ್ಟಬಹುದೆಂಬುದು 2011ರ ಜನವರಿಯಲ್ಲಿ ತೋರಿಬಂತು. ಎಂಐಟಿಯ ಲಿಂಕನ್ ಪ್ರಯೋಗಾಲಯದ ಗ್ರೆಗರಿ ಚಾರ್ವಟ್ ಮತ್ತು ಅವರ ಸಹೋದ್ಯೋಗಿಗಳು ಚಳಿಗಾಲದ ಬಿಡುವಿನಲ್ಲಿ ಒಂದು ತರಗತಿ ನಡೆಸಿದರು. ಅದರಲ್ಲಿ ಆಂಟೆನಾ ಎಂದರೆ ಎರಡು ಖಾಲಿ ಕಾಫಿ ಡಬ್ಬಗಳು, ಒಂದು ಕಳುಹಿಸಲು, ಒಂದು ಕೇಳಲು. ಶಕ್ತಿಯ ಮೂಲ ಟಾರ್ಚಿಗೆ ಹಾಕುವಂತಹ ಸಣ್ಣ ಬ್ಯಾಟರಿಗಳು. ಸಂಕೇತವನ್ನು ದಾಖಲಿಸುವುದು ಲ್ಯಾಪ್‌ಟಾಪಿನ ಧ್ವನಿ ಕಿಂಡಿ. ಒಟ್ಟು ವೆಚ್ಚ ನಾನೂರು ಡಾಲರಿಗಿಂತ ಕಡಿಮೆ. ಪಾಠದ ಸಾಮಗ್ರಿಯನ್ನು ಎಲ್ಲರಿಗೂ ಉಚಿತವಾಗಿ ಒದಗಿಸಲಾಯಿತು.

ಕಾಫಿ ಡಬ್ಬವೆಂದರೆ ಯಾವ ಡಬ್ಬವೂ ಆದೀತೆಂದು ತಿಳಿಯಬಾರದು. ಈ ರಾಡಾರ್ ಬಳಸುವ ಆವೃತ್ತಿ ಸೆಕೆಂಡಿಗೆ 240 ಕೋಟಿ ಕಂಪನಗಳು, ಅಂದರೆ 2.4 ಗಿಗಾಹರ್ಟ್ಸ್, ಅದರ ತರಂಗಾಂತರ ಹನ್ನೆರಡೂವರೆ ಸೆಂಟಿಮೀಟರ್. ಡಬ್ಬದ ವ್ಯಾಸ ಸುಮಾರು 7.3 ಸೆಂಟಿಮೀಟರಿಗಿಂತ ಕಿರಿದಾದರೆ ಈ ತರಂಗ ಅದರೊಳಗೆ ಸಾಗುವುದೇ ಇಲ್ಲ. ಒಳಗೆ ನಿಲ್ಲಿಸುವ ತಾಮ್ರದ ಕಡ್ಡಿ ತರಂಗಾಂತರದ ಕಾಲು ಭಾಗ, ಎಂದರೆ ಮೂರು ಸೆಂಟಿಮೀಟರಿನ ಆಸುಪಾಸು. ಹತ್ತು ಸೆಂಟಿಮೀಟರ್ ಅಗಲದ ಡಬ್ಬ ಚೆನ್ನಾಗಿ ಒಗ್ಗುತ್ತದೆ. ಚಿಕ್ಕಮಗಳೂರಿನ ಪುಡಿ ತುಂಬಿ ಬಂದ ಡಬ್ಬವಾದರೂ ಅಡ್ಡಿಯಿಲ್ಲ. ಅದು ಲೋಹದ್ದಾಗಿರಬೇಕು, ಅಷ್ಟೆ. ಮೈಕ್ರೋವೇವ್ ಒಲೆಯೂ ನಿಸ್ತಂತು ಅಂತರ್ಜಾಲವೂ ಬಳಸುವ ಈ ಆವೃತ್ತಿಪಟ್ಟಿಗೆ, ನಿಗದಿತ ಶಕ್ತಿಮಿತಿಗೆ ಒಳಪಟ್ಟಂತೆ, 2005ರಿಂದ ಭಾರತದಲ್ಲಿಯೂ ಪರವಾನಗಿಯ ವಿನಾಯಿತಿಯಿದೆ.

ಈ ಯಂತ್ರದ ಸೊಗಸಿರುವುದು ಅದರ ಲೆಕ್ಕದಲ್ಲಿ. ಕಳುಹಿಸಿದ ತರಂಗ ಚಲಿಸುವ ವಸ್ತುವಿಗೆ ತಾಗಿ ಮರಳಿದಾಗ ಅದರ ಆವೃತ್ತಿ ಕೊಂಚ ಬದಲಾಗಿರುತ್ತದೆ. ಹೋದದ್ದನ್ನೂ ಬಂದದ್ದನ್ನೂ ಬೆರೆಸಿದರೆ ಅವುಗಳ ವ್ಯತ್ಯಾಸ ಉಳಿಯುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿಗೆ ಆ ವ್ಯತ್ಯಾಸ ಸೆಕೆಂಡಿಗೆ 160 ಕಂಪನ. ಇದು ಕಿವಿಗೆ ಕೇಳುವ ಶ್ರುತಿ. ಗಂಡುಧ್ವನಿಯ ಗಾಯಕರ ಷಡ್ಜದ ಆಸುಪಾಸಿನದು. ಕಾರು ವೇಗವಾದರೆ ಶ್ರುತಿ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ದೂರವನ್ನು ಅಳೆಯಬೇಕಾದರೆ, ತರಂಗದ ಆವೃತ್ತಿಯನ್ನು ಸೆಕೆಂಡಿನ ಐವತ್ತರಲ್ಲೊಂದು ಪಾಲಿನಲ್ಲಿ ಎಂಟು ಕೋಟಿ ಕಂಪನಗಳಷ್ಟು ಏರಿಸುತ್ತಾರೆ. ನೂರು ಮೀಟರ್ ದೂರದ ಗೋಡೆಯಿಂದ ಮರಳಿದ ತರಂಗ ಅಷ್ಟರಲ್ಲಿ ತುಸು ಹಿಂದೆ ಬಿದ್ದಿದ್ದು, ವ್ಯತ್ಯಾಸ ಸುಮಾರು 2,667 ಕಂಪನಗಳಾಗುತ್ತದೆ. ಅದೂ ಕೇಳುವ ಧ್ವನಿಯೇ. ಹೀಗೆ ಕೋಟಿ ಕೋಟಿ ಕಂಪನಗಳ ಲೋಕದಲ್ಲಿ ನಡೆಯುವ ವ್ಯವಹಾರವನ್ನು, ಸಂಗೀತ ಕೇಳಲು ಮಾಡಿದ ಒಂದು ಅಗ್ಗದ ಕಿಂಡಿ ಹಿಡಿದುಬಿಡುತ್ತದೆ. ಎರಡು ವಸ್ತುಗಳು 1.9 ಮೀಟರಿಗಿಂತ ಹತ್ತಿರವಿದ್ದರೆ ಮಾತ್ರ ಯಂತ್ರಕ್ಕೆ ಅವು ಒಂದೇ ಆಗಿ ಕಾಣುತ್ತವೆ.

ಇದೇ ಡಬ್ಬಗಳನ್ನು ನೇರ ಹಳಿಯೊಂದರ ಮೇಲೆ ಸ್ವಲ್ಪ ಸ್ವಲ್ಪವೇ ಸರಿಸುತ್ತ, ಪ್ರತಿ ನಿಲುಗಡೆಯಲ್ಲಿಯೂ ದಾಖಲಿಸಿ, ಗಣಕದಲ್ಲಿ ಒಟ್ಟುಗೂಡಿಸಿದರೆ, ಹಳಿಯಷ್ಟೇ ಉದ್ದದ ಆಂಟೆನಾ ಕಂಡಂತಹ ಚಿತ್ರ ಮೂಡುತ್ತದೆ. ಎಂಐಟಿಯ ವಿದ್ಯಾರ್ಥಿಗಳು ತೆಗೆದ ಇಂತಹ ಚಿತ್ರಕ್ಕೂ, 2025ರ ಜುಲೈ 30ರಂದು ಇಲ್ಲಿಗೆ ಉತ್ತರದ ಶ್ರೀಹರಿಕೋಟದಿಂದ ಮೇಲೇರಿದ ನಿಸಾರ್ ಉಪಗ್ರಹ ತೆಗೆಯುವ ಚಿತ್ರಕ್ಕೂ ತತ್ತ್ವ ಒಂದೇ. ಹಳಿಯ ಬದಲು ಅಲ್ಲಿ ಕಕ್ಷೆ. ನಿಸಾರಿನಲ್ಲಿ ಇಸ್ರೋ ನಿರ್ಮಿಸಿದ ರಾಡಾರ್ ಬಳಸುವುದೂ, ಚೆನ್ನೈಯ ಹವಾಮಾನ ರಾಡಾರ್ ಬಳಸುವುದೂ, ಕಾಫಿ ಡಬ್ಬ ಬಳಸುವುದೂ ‘ಎಸ್’ ಎಂದು ಕರೆಯುವ ಒಂದೇ ಆವೃತ್ತಿಪಟ್ಟಿಯ ತರಂಗಗಳನ್ನು.

ವಿದ್ಯಾರ್ಥಿಗಳು ಕಟ್ಟಿದ್ದು ಬಾನಿಗೇರಿದ ನಿದರ್ಶನ ಈ ನಗರದಲ್ಲಿಯೂ ಇದೆ. 2009ರ ಏಪ್ರಿಲ್ 20ರಂದು ಪಿಎಸ್‌ಎಲ್‌ವಿ ರಾಕೆಟ್ಟು ರಿಸ್ಯಾಟ್-2 ಎಂಬ ರಾಡಾರ್ ಉಪಗ್ರಹದ ಜೊತೆಯಲ್ಲಿ, ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 40 ಕಿಲೋ ತೂಕದ ಅನುಸ್ಯಾಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಒಂದೆಡೆ ಸಂದೇಶವನ್ನು ಪಡೆದು, ತನ್ನ ಸ್ಮರಣಕೋಶದಲ್ಲಿ ಕೂಡಿಟ್ಟು, ಇನ್ನೊಂದೆಡೆಯ ಮೇಲೆ ಹಾಯುವಾಗ ಕೆಳಗೆ ಕಳುಹಿಸುವುದು ಅದರ ಕೆಲಸ. ಮರುವರ್ಷ ಜುಲೈ 12ರಂದು ಕರ್ನಾಟಕ ಮತ್ತು ಆಂಧ್ರ ಪ್ರದೇಶದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗಿಂತ ಹಗುರಾದ ಸ್ಟಡ್‌ಸ್ಯಾಟ್ ಹಾರಿತು. ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆಯಲ್ಲಿ ಅದರ ಭೂಕೇಂದ್ರವಿತ್ತು.

ಹೀಗಿದ್ದರೂ ಕಟ್ಟುವ ಕೈ, ತಯಾರಿಸುವ ಕಾರ್ಖಾನೆ, ಕೊಳ್ಳುವ ಗಿರಾಕಿ, ಈ ಮೂರೂ ಒಂದೆಡೆ ಕೂಡುವುದು ಈ ದೇಶದಲ್ಲಿ ಅಪರೂಪವಾಗಿತ್ತೆಂದು ಒಪ್ಪಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಇಂಜಿನಿಯರುಗಳೂ ಕೂಡಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಕೈಗಣಕ 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನ ತಯಾರಿಕೆಯಾಗಿ ಮಾರುಕಟ್ಟೆಗೆ ಬಂತು. ಕೈಯಲ್ಲಿ ಓರೆಮಾಡಿದರೆ ಗುರುತಿಸುವ ಸಂವೇದಕ ಅದರಲ್ಲಿತ್ತು. ಅಂತಹುದು ದೂರವಾಣಿಗಳಲ್ಲಿ ಸಾಮಾನ್ಯವಾಗಲು ಇನ್ನೂ ಕೆಲವು ವರ್ಷಗಳಿದ್ದವು. ವಿನ್ಯಾಸ ಗೆದ್ದಿತು, ಮಾರಾಟ ಗೆಲ್ಲಲಿಲ್ಲ. ಇನ್ನು ಕಾರ್ಖಾನೆಯ ಕಥೆ: 1984ರಲ್ಲಿ ಉತ್ಪಾದನೆ ಆರಂಭಿಸಿದ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1989ರ ಫೆಬ್ರವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಿ ನಿಲ್ಲಿಸಲು ವರ್ಷಗಳೇ ಹಿಡಿದವು, ಆ ವರ್ಷಗಳಲ್ಲಿ ಪೂರ್ವ ಏಷ್ಯಾದ ದೇಶಗಳು ಬಹುದೂರ ಸಾಗಿದವು. ಬಳಿಕ ಬಾಹ್ಯಾಕಾಶ ಇಲಾಖೆಗೂ, ಈಚೆಗೆ ವಿದ್ಯುನ್ಮಾನ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೂ ಸೇರಿದ ಆ ಪ್ರಯೋಗಾಲಯವೇ ‘ರಿಮೊ’ ತಯಾರಾದ ಸ್ಥಳ.

‘ಸಂಪೂರ್ಣ ಸ್ವದೇಶಿ’ ಎಂಬ ಮಾತನ್ನು ಈ ಕ್ಷೇತ್ರದಲ್ಲಿ ಜೋಪಾನವಾಗಿ ಬಳಸಬೇಕು. ಚಿಪ್ಪಿನ ನಕ್ಷೆ ಬರೆಯುವ ತಂತ್ರಾಂಶ ಬಹುಪಾಲು ವಿದೇಶದ್ದು. ಕಾರ್ಖಾನೆಯ ಯಂತ್ರಗಳೂ ಹಾಗೆಯೇ. 180 ನ್ಯಾನೋಮೀಟರ್ ತಂತ್ರ ಜಗತ್ತಿನ ಮುಂಚೂಣಿಗಿಂತ ಎರಡು ದಶಕಗಳಷ್ಟು ಹಿಂದಿನದು. ಆದರೆ ಕಾಲಕ್ಕೆ ಹಿಂದಿನದೆಲ್ಲ ನಿರುಪಯುಕ್ತವಲ್ಲ. ಬಾಹ್ಯಾಕಾಶದ ವಿಕಿರಣವನ್ನು ತಾಳಬೇಕಾದ, ಮಿತವಾದ ವೇಗ ಸಾಕಾದ ಚಿಪ್‌ಗಳಿಗೆ ದಪ್ಪ ಗೆರೆಯ ಹಳೆಯ ತಂತ್ರ ಯೋಗ್ಯವಾದದ್ದೇ. ರಾಕೆಟ್ಟುಗಳಿಗಾಗಿ ರೂಪಿಸಿದ, 2025ರ ಸೆಪ್ಟೆಂಬರಿನಲ್ಲಿ ಅನಾವರಣಗೊಂಡ ‘ವಿಕ್ರಮ್-3201’ ಸಂಸ್ಕಾರಕವೂ ಮೊಹಾಲಿಯ ಇದೇ ತಂತ್ರದ್ದು. ಅದಕ್ಕಿಂತ ಮುಖ್ಯವಾದುದು ವಿದ್ಯಾರ್ಥಿಗಳ ವಿಚಾರ. ಐದು ವರ್ಷಗಳಲ್ಲಿ 85,000 ಮಂದಿಯನ್ನು ತರಬೇತುಗೊಳಿಸುವ ಗುರಿಯ ‘ಚಿಪ್ಸ್ ಟು ಸ್ಟಾರ್ಟಪ್’ ಕಾರ್ಯಕ್ರಮದಲ್ಲಿ, ಕಾಲೇಜುಗಳಲ್ಲಿ ರೂಪುಗೊಂಡ ಚಿಪ್‌ಗಳು ಮೊಹಾಲಿಯಲ್ಲಿ ತಯಾರಾಗಿ ಅದೇ ಕಾಲೇಜುಗಳಿಗೆ ಹಿಂದಿರುಗುತ್ತಿವೆ. ಅವುಗಳಲ್ಲಿ ಕೆಲವು ಮೊದಲ ಬಾರಿಗೆ ಕೆಲಸ ಮಾಡದಿರಬಹುದು. ತರಬೇತಿಯ ಸಾರ್ಥಕತೆಯನ್ನು ಪ್ರಮಾಣಪತ್ರಗಳ ಎಣಿಕೆಯಿಂದಲ್ಲ, ಹೀಗೆ ಹಿಂದಿರುಗಿದ ಚಿಪ್‌ಗಳ ಎಣಿಕೆಯಿಂದ ಅಳೆಯುವುದು ಲೇಸು.

‘ಶಕ್ತಿ’ಯ ಕುಟುಂಬ 2018ಕ್ಕೆ ನಿಲ್ಲಲಿಲ್ಲ. 2020ರಲ್ಲಿ ‘ಮೂಷಿಕ್’ ಎಂಬ ಮೂರನೆಯ ಚಿಪ್ ಬಂತು. 2025ರ ಫೆಬ್ರವರಿಯಲ್ಲಿ ಇಸ್ರೋ ಸಹಯೋಗದ ‘ಐರಿಸ್’ ಪ್ರಕಟವಾಯಿತು. ತಿರುವನಂತಪುರದಲ್ಲಿರುವ ಇಸ್ರೋ ಘಟಕವು ತನಗೇನು ಬೇಕೆಂದು ತಿಳಿಸಿತು; ಚೆನ್ನೈಯಲ್ಲಿ ವಿನ್ಯಾಸ ನಡೆಯಿತು; ಮೊಹಾಲಿಯಲ್ಲಿ ಸಿಲಿಕಾನಿನ ಮೇಲೆ ಅಚ್ಚಾಯಿತು. ಕರ್ನಾಟಕದಲ್ಲಿರುವ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಸಂಸ್ಥೆಯಲ್ಲಿ ಅದಕ್ಕೆ ಕವಚ ತೊಡಿಸಿದರು. ಅದನ್ನು ಕೂರಿಸುವ ಫಲಕ ಗುಜರಾತಿನಲ್ಲಿ ಸಿದ್ಧವಾಯಿತು. ಫಲಕಕ್ಕೆ ಬಿಡಿಭಾಗಗಳನ್ನು ಜೋಡಿಸಿದ್ದು ಮತ್ತೆ ಚೆನ್ನೈಯಲ್ಲಿ. ಇಷ್ಟು ಊರುಗಳನ್ನು ಸುತ್ತಿಬಂದ ಆ ಫಲಕವನ್ನು ಮದರಾಸಿನ ತಂತ್ರಜ್ಞಾನ ಸಂಸ್ಥೆಯಲ್ಲಿ, ಅದನ್ನು ಚಿತ್ರಿಸಿದವರ ಮೇಜಿನ ಮೇಲಿಟ್ಟು ವಿದ್ಯುತ್ ಹರಿಸಿದಾಗ, ಅದು ಚಾಲನೆಗೊಂಡಿತು.